ಮಂಗಳನ ಬೆಟ್ಟಗಳನ್ನು ಉಬ್ಬಿಸದೆ ಕಟ್ಟುವುದು: ನನ್ನ ಅನುಭವ

ಬಿಡುವಾದಾಗ ನನಗೊಂದು ಹುಚ್ಚು. ಮಂಗಳನ ಸುತ್ತ ತಿರುಗಿದ ನೌಕೆಗಳು ಅಳೆದ ಎತ್ತರದ ಡೇಟಾ ಇಳಿಸಿಕೊಂಡು, ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಅಲ್ಲಿನ ನೆಲ ಕಟ್ಟುತ್ತೇನೆ. ಕಟ್ಟಿದ ಮೇಲೆ ಕ್ಯಾಮೆರಾವನ್ನು ಆಳೆತ್ತರಕ್ಕೆ ಇಳಿಸಿ, ಅಲ್ಲಿ ನಿಂತರೆ ಏನು ಕಾಣುತ್ತದೆ ಅಂತ ನೋಡುತ್ತೇನೆ.

ಡೇಟಾ ಎಲ್ಲ ಪುಕ್ಕಟೆ. ಇಡೀ ಗ್ರಹ ಬೇಕು ಅಂದರೆ ಮೋಲಾ ಇದೆ. ಮಾರ್ಸ್ ಗ್ಲೋಬಲ್ ಸರ್ವೇಯರ್ ನೌಕೆ 1999ರಿಂದ 2001ರವರೆಗೆ ಲೇಸರ್ ಬಿಟ್ಟು ಅಳೆದದ್ದು. ಅದರಲ್ಲಿ ಒಂದು ಚುಕ್ಕೆಗೆ ಸುಮಾರು 463 ಮೀಟರ್ ನೆಲ. ಹತ್ತಿರದಿಂದ ನೋಡಬೇಕಾದರೆ ಹೈರೈಸ್. ಮಾರ್ಸ್ ರಿಕನೈಸನ್ಸ್ ಆರ್ಬಿಟರ್‌ನಲ್ಲಿರುವ ಈ ಕ್ಯಾಮೆರಾ ಒಂದೇ ಜಾಗವನ್ನು ಎರಡು ಕೋನದಿಂದ ತೆಗೆದಿದ್ದರೆ, ಆ ಜೋಡಿಯಿಂದ ಎತ್ತರ ಲೆಕ್ಕ ಹಾಕಿರುತ್ತಾರೆ. ಸುಮಾರು ಮೀಟರಿಗೊಂದು ಅಳತೆ ಸಿಗುತ್ತದೆ. ಆದರೆ ಪಟ್ಟಿಯ ಅಗಲ ಆರು ಕಿ.ಮೀ. ಅಷ್ಟೇ.

ಮೊದಲ ಕೆಲಸ ಕ್ಯೂಜಿಐಎಸ್ ಅನ್ನುವ ನಕ್ಷೆಯ ಸಾಫ್ಟ್‌ವೇರ್‌ನಲ್ಲಿ. ಅಳತೆ ಸಿಗದ ಚುಕ್ಕೆಗಳಿಗೆ ಫೈಲಿನಲ್ಲಿ ಒಂದು ಭಯಂಕರ ಮೈನಸ್ ಸಂಖ್ಯೆ ತುಂಬಿರುತ್ತದೆ. ಅದನ್ನು ತೆಗೆಯದಿದ್ದರೆ ನೆಲದ ಅಂಚೆಲ್ಲ ಪಾತಾಳಕ್ಕೆ ಇಳಿಯುತ್ತದೆ. ಆಮೇಲೆ ಎತ್ತರದ ಡೇಟಾವನ್ನು ಒಂದು ಚಿತ್ರವಾಗಿ ಬ್ಲೆಂಡರ್‌ಗೆ ತಂದು, ಆ ಚಿತ್ರದ ಕಲರ್ ಸ್ಪೇಸ್ ಅನ್ನು ‘ನಾನ್-ಕಲರ್’ ಅಂತ ಇಡಬೇಕು. ಸುಮ್ನೆ ಬಣ್ಣದ ಚಿತ್ರ ಅಂತ ಬಿಟ್ಟರೆ ಸಾಫ್ಟ್‌ವೇರ್ ಸಂಖ್ಯೆಗಳನ್ನು ಬಗ್ಗಿಸಿ, ತಗ್ಗಿನ ಜಾಗಗಳನ್ನು ಇನ್ನಷ್ಟು ಅದುಮುತ್ತದೆ. ಇಳಿಜಾರೆಲ್ಲ ಸುಳ್ಳಾಗುತ್ತದೆ. ಕಷ್ಟ ಏನಂದರೆ, ಚಿತ್ರ ಆಗಲೂ ಚೆನ್ನಾಗಿಯೇ ಕಾಣುತ್ತದೆ!

ಕೊನೆಗೆ ಎತ್ತರದ ಅಳತೆ. ಆಸೆ ಹುಟ್ಟುವುದು ಇಲ್ಲೇ. ಅದನ್ನು ಮೂರು ಪಟ್ಟು, ಐದು ಪಟ್ಟು ಏರಿಸಿದರೆ ಬೆಟ್ಟ ಚೂಪಾಗುತ್ತದೆ, ಕಣಿವೆ ಬಾಯಿ ಬಿಡುತ್ತದೆ. ಮಂಗಳನದು ಅಂತ ನಾವು ನೋಡುವ ಎಷ್ಟೋ ಚಿತ್ರಗಳು ಹೀಗೆ ಉಬ್ಬಿಸಿದವೇ. ನಾನು ಉಬ್ಬಿಸುವುದಿಲ್ಲ. ಹಟ ಅಂತಲೇ ಅನ್ನಿ.

ಒಲಿಂಪಸ್ ಮಾನ್ಸ್ ತೆಗೆದುಕೊಳ್ಳಿ. ಸುಮಾರು 22 ಕಿ.ಮೀ. ಎತ್ತರದ ಜ್ವಾಲಾಮುಖಿ. ಆದರೆ ಅದರ ಅಗಲ ಸುಮಾರು 600 ಕಿ.ಮೀ. ಸರಾಸರಿ ಇಳಿಜಾರು 5 ಡಿಗ್ರಿ ಇದ್ದರೆ ಹೆಚ್ಚು, ಸ್ಕೂಟರ್ ಹತ್ತಿಸುವಂಥ ಏರು. ಇಷ್ಟು ದೊಡ್ಡ ಜಾಗವನ್ನು ಸಪಾಟು ಹಾಳೆಯ ಮೇಲೆ ಕಟ್ಟುವ ಹಾಗೂ ಇಲ್ಲ, ಗ್ರಹದ ಉರುಟು ಸೇರಿಸಬೇಕು. ದೂರದ ವರ್ಗವನ್ನು ತ್ರಿಜ್ಯದ ಎರಡು ಪಟ್ಟಿನಿಂದ ಭಾಗಿಸಿದರೆ ನೆಲ ಎಷ್ಟು ಬಾಗುತ್ತದೆ ಅಂತ ಸಿಗುತ್ತದೆ. ಮಂಗಳನ ತ್ರಿಜ್ಯ 3,390 ಕಿ.ಮೀ. ಬೆಟ್ಟದ ಅಂಚಿನಿಂದ ನೆತ್ತಿಗೆ 300 ಕಿ.ಮೀ. ಲೆಕ್ಕ ಹಾಕಿ: ನೆಲ 13 ಕಿ.ಮೀ. ಕೆಳಗೆ ಬಾಗಿರುತ್ತದೆ. 22ರಲ್ಲಿ ಉಳಿಯುವುದು ಒಂಬತ್ತು. ಅದನ್ನೂ ಎದುರಿಗಿರುವ ಕಡಿದಾದ ಅಂಚು ಮರೆಮಾಡುತ್ತದೆ. ಬುಡದಲ್ಲಿ ನಿಂತವನಿಗೆ ಬೆಟ್ಟ ಕಾಣುವುದಿಲ್ಲ, ಒಂದು ಗೋಡೆ ಕಾಣುತ್ತದೆ. ಮೊದಲ ಸಲ ಇದನ್ನು ತೆರೆಯ ಮೇಲೆ ನೋಡಿದಾಗ ನನಗೆ ಉಬ್ಬಿಸಿದ ಚಿತ್ರಗಳಿಗಿಂತ ಜಾಸ್ತಿ ರೋಮಾಂಚನ ಆಯಿತು. ಈಗ ಕ್ಯಾಮೆರಾ ಇಡುವುದು ನೆತ್ತಿಯ ಕುಳಿಯ ಅಂಚಿನಲ್ಲಿ. ಅಲ್ಲಿ ನೆಲ ಸುಮಾರು ಮೂರು ಕಿ.ಮೀ. ಕೆಳಗೆ ಕುಸಿದಿದೆ, ಉಬ್ಬಿಸುವ ಅಗತ್ಯವೇ ಬೀಳುವುದಿಲ್ಲ.

ವ್ಯಾಲೆಸ್ ಮರಿನೆರಿಸ್ ಕಣಿವೆಯದೂ ಇದೇ ಕಥೆ. 4,000 ಕಿ.ಮೀ. ಉದ್ದ, ಏಳು ಕಿ.ಮೀ. ಆಳ. ಅಗಲವಾದ ಕಡೆ ನಡುವೆ ನಿಂತರೆ ಗೋಡೆ 100 ಕಿ.ಮೀ. ದೂರ. ದಿಗಂತದ ಮೇಲೆ ಮೂರು ಡಿಗ್ರಿಯಷ್ಟು ಎದ್ದಿರುತ್ತದೆ, ಅದೂ ಗಾಳಿಯಲ್ಲಿ ದೂಳು ಕಡಿಮೆ ಇದ್ದರೆ.

ಬೆಳಕಿನ ಕೆಲಸ ನನಗೆ ತುಂಬಾ ಇಷ್ಟ. ಮಂಗಳನಿಂದ ಸೂರ್ಯ ಚಿಕ್ಕದಾಗಿ ಕಾಣುತ್ತಾನೆ. ನಮಗೆ ಅರ್ಧ ಡಿಗ್ರಿ, ಅಲ್ಲಿ ಸುಮಾರು 0.35. ಬೆಳಕೂ ನಮ್ಮದರ ಅರ್ಧಕ್ಕಿಂತ ಕಡಿಮೆ. ಬ್ಲೆಂಡರ್‌ನ ಸನ್ ಲೈಟ್‌ನಲ್ಲಿ ಕೋನದ ಸಂಖ್ಯೆ ಬದಲಿಸಿದರೆ ನೆರಳಿನ ಅಂಚು ತುಸು ಹರಿತವಾಗುತ್ತದೆ. ಯಾರೂ ಗಮನಿಸಲ್ಲ, ಆದರೂ ಬದಲಿಸುತ್ತೇನೆ. ಇನ್ನೊಂದು ತೊಡಕು: ಹೈರೈಸ್ ಚಿತ್ರ ತೆಗೆಯುವುದು ಅಲ್ಲಿನ ಮಧ್ಯಾಹ್ನ ಮೂರು ಗಂಟೆಯ ಆಸುಪಾಸಿನಲ್ಲಿ. ಆ ನೆರಳು ಚಿತ್ರದಲ್ಲೇ ಅಂಟಿಕೊಂಡಿರುತ್ತದೆ. ನೆಲಕ್ಕೆ ಅದನ್ನೇ ಹೊದಿಸಿ ಮೇಲಿಂದ ಬೆಳಗಿನ ಸೂರ್ಯನನ್ನು ಇಟ್ಟರೆ ಬಂಡೆಗೆ ಎರಡೆರಡು ನೆರಳು. ಹಾಗಾಗಿ ನಾನೂ ಮೂರು ಗಂಟೆಗೇ ಒಗ್ಗಿಕೊಂಡಿದ್ದೇನೆ. ಸೂರ್ಯಾಸ್ತ ಬೇಕಾದಾಗ ಆ ಚಿತ್ರ ಬಿಟ್ಟು ಒಂದೇ ಬಣ್ಣ ಬಳಿಯುತ್ತೇನೆ. ಅಲ್ಲಿ ಹಗಲಿನ ಆಕಾಶ ಕಂದು-ಹಳದಿ, ಮುಳುಗುವ ಸೂರ್ಯನ ಸುತ್ತ ಮಾತ್ರ ನೀಲಿ. ನಯವಾದ ದೂಳಿನ ಕೆಲಸ ಅದು.

ಹೈರೈಸ್‌ನ ನೀಲಿ ಮರಳುದಿಬ್ಬ ನೋಡಿ ಮೋಸಹೋಗಬೇಡಿ. ಅದು ಅವಗೆಂಪು ಸೇರಿಸಿದ ಬಣ್ಣ, ಕಣ್ಣಿಗೆ ಕಾಣುವುದಲ್ಲ. ಬಣ್ಣಕ್ಕೆ ನಾನು ಪಕ್ಕದಲ್ಲಿ ತೆರೆದಿಡುವುದು ನಮ್ಮ ಮಂಗಳಯಾನದ ಕಲರ್ ಕ್ಯಾಮೆರಾ ತೆಗೆದ ಚಿತ್ರ. ಅದರ ಕಕ್ಷೆ 70,000 ಕಿ.ಮೀ.ಗೂ ಆಚೆ ಹೋಗುತ್ತಿತ್ತು, ಹಾಗಾಗಿ ಇಡೀ ಗ್ರಹ ಒಂದೇ ಚೌಕಟ್ಟಿನಲ್ಲಿ ಸಿಕ್ಕಿದೆ. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ ಆಂಟೆನಾಗಳಿಗೆ ಬಂದಿಳಿದ ಮಂಗಳ ಅದು, ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ ಅಲ್ವಾ.

ನೀವು ಶುರು ಮಾಡುವುದಾದರೆ ಒಲಿಂಪಸ್ ಬೇಡ, ಗೇಲ್ ಕುಳಿ ಹಿಡಿಯಿರಿ. 154 ಕಿ.ಮೀ. ಅಗಲ, ನಡುವೆ ಐದು ಕಿ.ಮೀ. ಎತ್ತರದ ಮೌಂಟ್ ಶಾರ್ಪ್. ನಾಸಾದ ರೋವರ್ ಕ್ಯೂರಿಯಾಸಿಟಿ 2012ರಿಂದ ಅಲ್ಲಿ ಓಡಾಡುತ್ತಿದೆ. ಅದು ನಿಂತ ಜಾಗದಲ್ಲೇ ನಿಮ್ಮ ಕ್ಯಾಮೆರಾ ಇಟ್ಟು, ಎರಡು ಚಿತ್ರಗಳನ್ನೂ ಪಕ್ಕಪಕ್ಕ ಹಾಕಿ. ದಿಗಂತದ ಗೆರೆ ಹೊಂದಿದರೆ ನಿಮ್ಮ ಅಳತೆ ಸರಿ.