ನಮ್ಮ ಮನೆಯ ನೀರು ಕುಡಿಯದ ಅವ್ವನ ಆರೈಕೆ: ನನ್ನ ಅನುಭವ

ನಮ್ಮನ್ನು ಕಂಡರೆ ಆಗುವವರಿಗೆ ಒಳ್ಳೆಯದು ಮಾಡುವುದು ಕಷ್ಟವೇನಲ್ಲ. ಅಷ್ಟನ್ನು ಸುಂಕದವರೂ ಮಾಡುತ್ತಾರಲ್ವಾ ಅಂತ ಯೇಸು ಬೆಟ್ಟದ ಪ್ರಸಂಗದಲ್ಲಿ ಕೇಳುತ್ತಾನೆ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ ಕೊನೆಯಲ್ಲಿದೆ ಆ ಮಾತು. ದೇವರು ಕೆಟ್ಟವರ ಮೇಲೂ ಒಳ್ಳೆಯವರ ಮೇಲೂ ಒಂದೇ ಸೂರ್ಯನನ್ನು ಮೂಡಿಸುತ್ತಾನೆ ಅನ್ನುವ ಮಾತೂ ಅಲ್ಲೇ ಇದೆ. ಚಿಕ್ಕಂದಿನಿಂದ ಬಾಯಿಪಾಠ ಮಾಡಿದ ಮಾತು ಅದು. ಕೈಯಿಂದ ಮಾಡಿ ತೋರಿಸುವ ಕೆಲಸ ನನಗೆ ಬಂದದ್ದು ನಿವೃತ್ತಿ ಆದ ಮೇಲೆ, ಪಕ್ಕದ ಮನೆಯ ಅವ್ವನಿಂದ.

ನಾವು ಗದಗಿನ ಪಕ್ಕದ ಬೆಟಗೇರಿಯವರು. ನಮ್ಮದು ನೇಕಾರರ ಓಣಿ, ಬೆಳಗಾದರೆ ಮಗ್ಗದ ಸದ್ದು. ನಮ್ಮ ಕುಟುಂಬ ಹಳೆಯ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನ್ನಿನ ಸಭೆಯದು. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಷನ್ ಆಮೇಲೆ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗೂ ಬಂತು. ಊರಿನ ಮಿಷನ್ ಆಸ್ಪತ್ರೆಯನ್ನು ಜನ ಇವತ್ತಿಗೂ ಜರ್ಮನ್ ಆಸ್ಪತ್ರೆ ಅಂತಾರೆ. ನನ್ನ ತಾಯಿ ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿದವರು. ರೋಗಿಯನ್ನು ನೋಯಿಸದೆ ಮಗ್ಗುಲಾಗಿಸುವುದು, ಮಲಗಿದವರ ಕೆಳಗಿನ ಹಾಸು ಬದಲಿಸುವುದು, ಇದೆಲ್ಲ ನಾನು ಅವರ ಕೈ ನೋಡಿ ಕಲಿತದ್ದು.

ಪಕ್ಕದ ಮನೆಯ ಅವ್ವನಿಗೆ ನಾವು ಆಗುತ್ತಿರಲಿಲ್ಲ. ನಳದ ಮುಂದೆ ನಮ್ಮ ಕೊಡ ತನ್ನ ಕೊಡಕ್ಕೆ ತಾಗಿದರೆ ನೀರು ಚೆಲ್ಲಿ ಮತ್ತೆ ತೊಳೆಯುತ್ತಿದ್ದಳು. ಕ್ರಿಸ್ಮಸ್ಸಿಗೆ ನಾವು ಓಣಿಗೆಲ್ಲ ಹಂಚುವ ಕರ್ಚಿಕಾಯಿ ಅವರ ಮನೆಯಿಂದ ವಾಪಸ್ ಬರುತ್ತಿತ್ತು. ನಮ್ಮ ಮನೆಯಲ್ಲಿ ಒಂದು ಲೋಟ ನೀರೂ ಕುಡಿದವಳಲ್ಲ. ಅವಳಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮಗ ಪವರ್‌ಲೂಮಿನಲ್ಲಿ ಕೂಲಿ. ಸೊಸೆ ಮನೆಯಲ್ಲೇ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳು, ಮಕ್ಕಳು ಸಣ್ಣವು. ಕೆಲವು ವಾರಗಳಲ್ಲಿ ಆ ಹುಡುಗಿಯ ಮುಖದ ಬಣ್ಣವೇ ಹೋಯಿತು. ರಾತ್ರಿ ನಿದ್ದೆ ಇಲ್ಲ, ಹಗಲು ಕೆಲಸ ಬಿಡುವ ಹಾಗಿಲ್ಲ.

ನಾನು ಹೋಗಿ ಕೇಳಿದ್ದು ಒಂದೇ ಮಾತು. "ಮಧ್ಯಾಹ್ನ ಎರಡು ತಾಸು ನಾನು ಅವ್ವನ ಹತ್ರ ಕೂಡ್ತೀನಿ, ನೀ ಮಲಕೋತೀಯೇನವಾ?" ಅವಳು ಗಂಡನ ಮುಖ ನೋಡಿದಳು. ಅವನು ನೇರವಾಗಿಯೇ ಕೇಳಿದ: "ಟೀಚರ್, ನಮ್ಮನ್ನ ಚರ್ಚಿಗೆ ಕರಕೊಂಡು ಹೋಗಾಕ ಬಂದೀರೇನ್ರಿ?" ಈಗಿನ ಕಾಲದಲ್ಲಿ ಆ ಪ್ರಶ್ನೆ ಬರುವುದು ಸಹಜ. ಇಲ್ಲಪ್ಪ ಅಂದೆ. ಅವ್ವನ ಹತ್ತಿರ ಪ್ರಾರ್ಥನೆ ಮಾಡುವುದಿಲ್ಲ, ಪುಸ್ತಕ ತರುವುದಿಲ್ಲ, ಗೋಡೆಯ ಮೇಲಿನ ದೇವರ ಪಟದ ಬಗ್ಗೆ ಒಂದು ಮಾತೂ ಆಡುವುದಿಲ್ಲ ಅಂದೆ. ಕೊನೆಯವರೆಗೂ ಹಾಗೇ ನಡೆದುಕೊಂಡೆ. ಪ್ರಾರ್ಥನೆ ನಮ್ಮ ಮನೆಯಲ್ಲಿ, ಹೊರಡುವ ಮೊದಲು. ಅವ್ವನ ಹೆಸರು ಹೇಳಿ, ಸೊಸೆಯ ಹೆಸರು ಹೇಳಿ, ನನ್ನ ಕೈಗೆ ತಾಳ್ಮೆ ಕೊಡು ಅಂತ. ಇದು ನಂಬಿಕೆಯನ್ನು ಬಚ್ಚಿಡುವುದು ಅಂತ ನನಗೆ ಅನ್ನಿಸಲಿಲ್ಲ. ನಾನು ಯಾರ ಮಗಳು, ಯಾವ ಸಭೆಯವಳು ಅಂತ ಓಣಿಗೆಲ್ಲ ಗೊತ್ತು. ಹಾಸಿಗೆ ಹಿಡಿದವಳು ಎದ್ದು ಹೋಗಲಾರಳು, ಬೇಡ ಅನ್ನಲಾರಳು. ಅಂಥವಳ ಎದುರು ಉಪದೇಶ ಮಾಡಿದರೆ ಅದು ಒತ್ತಾಯವೇ ಆಗುತ್ತದೆ.

ಮೊದಲು ಎದುರಾದದ್ದು ಊಟದ ಪ್ರಶ್ನೆ. ಅವಳು ಕ್ರೈಸ್ತರ ಮನೆಯದನ್ನು ಮುಟ್ಟುವವಳಲ್ಲ. ಮಾತು ಹೋಗಿದೆ, ಅವಳಿಗೆ ಏನು ಗೊತ್ತಾಗುತ್ತದೆ ಅಂತ ನಮ್ಮ ಮನೆಯ ಗಂಜಿಯನ್ನೇ ಒಯ್ಯಬಹುದಿತ್ತು. ಸೊಸೆಯೂ ಹಾಗೇ ಅಂದಳು. ನಾನು ಒಪ್ಪಲಿಲ್ಲ. ಅವರದೇ ಒಲೆ, ಅವರದೇ ಪಾತ್ರೆ, ಅವರ ಕೊಡದ ನೀರು, ಸೊಸೆಯ ಕೈಯಿಂದಲೇ ಗಂಜಿ. ನಾನು ತಿನ್ನಿಸುವುದಷ್ಟೇ. ಅದಕ್ಕೂ ಮೊದಲು ಅವ್ವನನ್ನು ಕೇಳಿದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಕಣ್ಣು ಮುಚ್ಚಿ ತೆಗೆದಳು. ಅದು ಅವಳ ಹೂಂ. ನನ್ನ ಪ್ರೀತಿ ಒಪ್ಪಬೇಕಾದರೆ ನಿನ್ನ ಮಡಿ ಬಿಡು ಅನ್ನುವುದೂ ಒಂದು ಷರತ್ತೇ ಅಲ್ವಾ? ನನ್ನನ್ನು ಕೀಳಾಗಿ ಕಂಡವಳ ಮಡಿಯನ್ನು ನಾನೇ ಕಾಯುವುದು ನುಂಗಲಾರದ ತುತ್ತು ಅಂತ ನಮ್ಮವರು ಹೇಳಿದರು. ಅವರ ನೋವು ನನಗೆ ಗೊತ್ತು. ಆ ಮಡಿ ಸರಿ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಆದರೆ ಅದನ್ನು ಜಗಳವಾಡಿ ಗೆಲ್ಲುವ ಜಾಗ ಲಕ್ವಾ ಹೊಡೆದವಳ ಹಾಸಿಗೆ ಅಲ್ಲ.

ಇನ್ನು ಕೆಲಸ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾರಿಗಾದರೂ ಬೇಕಾಗಬಹುದು. ತಾನಾಗಿ ಹೊರಳಲಾಗದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಕೆಂಪಾದ ಜಾಗವನ್ನು ತಿಕ್ಕಬಾರದು, ಅದರ ಮೇಲೆ ಭಾರ ಬೀಳದ ಹಾಗೆ ಮಲಗಿಸಬೇಕು. ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸಬಾರದು, ಭುಜ ಜಾರುತ್ತದೆ. ಹಳೆಯ ಕಾಟನ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಬೆನ್ನಿನಿಂದ ತೊಡೆಯವರೆಗೆ ಕೆಳಗೆ ಹಾಸಿಡಿ. ಎರಡೂ ಕಡೆ ಒಬ್ಬೊಬ್ಬರು ನಿಂತು ಅದನ್ನೇ ಹಿಡಿದು ಎತ್ತಿದರೆ ರೋಗಿಗೂ ನೋವಿಲ್ಲ, ನಮ್ಮ ಸೊಂಟವೂ ಉಳಿಯುತ್ತದೆ.

ತಿನ್ನಿಸುವಾಗ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು. ಚಮಚೆಯನ್ನು ಬಾಯಿಯ ಸರಿಯಿರುವ ಕಡೆಯಿಂದ ಕೊಡಬೇಕು. ಸೋತ ಕಡೆಯ ಗಲ್ಲದೊಳಗೆ ಅನ್ನ ನಿಂತುಬಿಡುತ್ತದೆ, ಕೊನೆಯಲ್ಲಿ ಬಾಯಿ ನೋಡಿ ಒರೆಸಬೇಕು. ಉಂಡ ಮೇಲೆ ಅರ್ಧ ತಾಸಾದರೂ ಮಲಗಿಸಬಾರದು. ನೀರು ಕುಡಿಸಿದಾಗ ಕೆಮ್ಮು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು, ಸುಮ್ನೆ ಇರಬಾರದು. ಮಾತು ಹೋದವರ ಮುಂದೆ ಅವರ ಬಗ್ಗೆಯೇ ಮಾತಾಡಬಾರದು. ಎಷ್ಟೋ ಜನರಿಗೆ ಆಡಲು ಬರದಿದ್ದರೂ ಕೇಳಿದ್ದು ತಿಳಿಯುತ್ತದೆ. ನಾನು ಏನು ಮಾಡುವ ಮೊದಲೂ ಅವಳಿಗೆ ಹೇಳುತ್ತಿದ್ದೆ. "ಅವ್ವಾ, ಈಗ ಎಡಕ್ಕ ಹೊರಳಸ್ತೀನ್ರಿ." ಹೇಲು ಉಚ್ಚೆ ತೊಳೆಯುವಾಗ ಬಾಗಿಲು ಹಾಕಿ, ಮೈಮೇಲೆ ಬಟ್ಟೆ ಹೊದಿಸಿಯೇ ತೊಳೆಯುತ್ತಿದ್ದೆ. ಅವಳ ಮಾನ ಅವಳದು.

ಎರಡು ತಾಸು ಅಂದರೆ ಎರಡು ತಾಸು. ಇದನ್ನು ನಾನು ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಸಮಾರ್ಯದವನಿಂದ ಕಲಿತೆ. ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋದ ಒಬ್ಬ ಅಪರಿಚಿತನನ್ನು ಅವನು ಕಂಡ. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ತಂದ. ಮರುದಿನ ಎರಡು ಬೆಳ್ಳಿ ನಾಣ್ಯ ಕೊಟ್ಟು, ಜಾಸ್ತಿ ಖರ್ಚಾದರೆ ಬಂದಾಗ ಕೊಡುತ್ತೇನೆ ಅಂದು ತನ್ನ ದಾರಿ ಹಿಡಿದ. ಆ ಕಾಲಕ್ಕೆ ಅದು ಎರಡು ದಿನದ ಕೂಲಿ. ಪ್ರಸಂಗಗಳಲ್ಲಿ ಅವನ ಕರುಣೆಯ ಬಗ್ಗೆ ಕೇಳುತ್ತೇವೆ. ಅವನು ಮಾಡಿದ ವ್ಯವಸ್ಥೆಯ ಬಗ್ಗೆ ಯಾಕೋ ಅಷ್ಟು ಕೇಳುವುದಿಲ್ಲ. ತನ್ನ ಪ್ರಯಾಣ ಬಿಡಲಿಲ್ಲ, ಗಾಯಾಳುವನ್ನೂ ಬಿಡಲಿಲ್ಲ. ನನಗೂ ಮನೆ ಇದೆ, ಗಂಡನಿಗೆ ಸಕ್ಕರೆ ಕಾಯಿಲೆ ಇದೆ. ಆದಷ್ಟು ಮಾತು ಕೊಟ್ಟು, ಕೊಟ್ಟದ್ದನ್ನು ತಪ್ಪದೆ ನಡೆಸುವುದೇ ಆ ಹುಡುಗಿಗೆ ಬೇಕಾಗಿತ್ತು. ಇಂಥ ಹೊತ್ತಿಗೆ ನಿದ್ದೆ ಸಿಗುತ್ತದೆ ಅನ್ನುವ ಧೈರ್ಯ ಅವಳಿಗೆ ನಿದ್ದೆಯಷ್ಟೇ ದೊಡ್ಡದು.

ದುಡ್ಡಿನ ವಿಷಯ ಬೇಗ ಹೇಳಿಬಿಡುತ್ತೇನೆ. ಅವರು ಔಷಧಿಗೆ ಸಾಲ ಕೇಳಿದಾಗ, ವಾಪಸ್ ಬಾರದಿದ್ದರೂ ನಮಗೆ ತೊಂದರೆಯಾಗದಷ್ಟನ್ನೇ ಕೊಟ್ಟೆ. ಎಲ್ಲಿಯೂ ಬರೆದಿಡಲಿಲ್ಲ, ಅದರ ಮಾತೂ ಎತ್ತಲಿಲ್ಲ. ತಿರುಗಿ ಬರುವ ಆಸೆ ಇಟ್ಟುಕೊಳ್ಳದೆ ಕೊಡಿರಿ ಅಂತ ಲೂಕ 6ರಲ್ಲಿದೆ. ಸಾಲಗಾರರು ನಮ್ಮ ಮನೆ ಮುಂದೆ ತಲೆ ತಗ್ಗಿಸಿ ಓಡಾಡುವ ಹಾಗಾದರೆ ಕೊಟ್ಟದ್ದರಿಂದ ಏನು ಬಂತು?

ಸಭೆಯಲ್ಲಿ ಒಬ್ಬರು ಕೇಳಿದರು: "ಇಷ್ಟು ಮಾಡೀರಲ್ಲ, ಒಮ್ಮೆಯಾದರೂ ಆರಾಧನೆಗೆ ಬಂದರೇನ್ರಿ ಅವರು?" ಮಗನ ಅನುಮಾನವೂ ಇವರ ನಿರೀಕ್ಷೆಯೂ ಒಂದೇ ಕಡೆಗೆ ಬೊಟ್ಟು ಮಾಡುತ್ತಿದ್ದವು. ಇಬ್ಬರಿಗೂ ಈ ಕೆಲಸ ಇನ್ನೊಂದಕ್ಕೆ ದಾರಿ. ನನಗೆ ಹಾಗಲ್ಲ. ನಾನು ಒಳ್ಳೆಯವಳಾಗಲಿ ಅಂತ ಕಾದು ಆಮೇಲೆ ಕ್ರಿಸ್ತನು ನನ್ನನ್ನು ಪ್ರೀತಿಸಿದ್ದಲ್ಲ. ನಾವು ಇನ್ನೂ ಪಾಪಿಗಳಾಗಿದ್ದಾಗಲೇ ನಮಗಾಗಿ ಸತ್ತನು ಅಂತ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿದೆ. ನನಗೆ ಆಗಲೇ ಸಿಕ್ಕಿಬಿಟ್ಟಿದೆ. ಅವ್ವನಿಂದ ಮತ್ತೇನನ್ನು ವಸೂಲಿ ಮಾಡಲಿ?

ಅವ್ವನ ಮನಸ್ಸು ಕೊನೆಗೆ ಕರಗಿತಾ ಅಂತ ಎಲ್ಲರೂ ಕೇಳುತ್ತಾರೆ. ಹಾಗೇನೂ ಆಗಲಿಲ್ಲ. ಎಡಗೈಯಿಂದ ನನ್ನನ್ನು ತಳ್ಳಿದ ದಿನಗಳಿದ್ದವು. ಹಾಸು ಬದಲಿಸಿದ ತಕ್ಷಣ ಮುಖ ಗೋಡೆಯ ಕಡೆ ತಿರುಗಿಸುತ್ತಿದ್ದಳು. ನಮ್ಮ ಮನೆಯ ನೀರನ್ನು ಕುಡಿಯದೆಯೇ ಹೋದಳು. ಹುಣ್ಣಾಗದೆ ಹೋದಳು, ಅದು ನನಗೆ ಸಮಾಧಾನ. ಅಂತ್ಯಕ್ರಿಯೆ ಅವರ ಪದ್ಧತಿಯಂತೆ ಆಯಿತು. ನಾನು ಅಂಗಳದಲ್ಲಿ ಓಣಿಯ ಹೆಂಗಸರ ಜೊತೆ ಕೂತಿದ್ದೆ.

ಈಗ ಹಿಂದಿನ ಓಣಿಯಲ್ಲಿ ಒಬ್ಬ ಗಂಡಸು ಬಿದ್ದು ಸೊಂಟ ಮುರಿದುಕೊಂಡು ಮಲಗಿದ್ದಾನೆ. ಕುಡಿದು ಹೆಂಡತಿಯನ್ನು ಹೊಡೆಯುತ್ತಿದ್ದವನು ಅಂತ ಎಲ್ಲರಿಗೂ ಗೊತ್ತು. ಅಲ್ಲಿ ನಾನು ಮೊದಲು ಕೂತದ್ದು ಹೆಂಡತಿಯ ಪಕ್ಕದಲ್ಲಿ. ಅವಳಿಗೆ ತವರಿಗೆ ಹೋಗಬೇಕು ಅನ್ನಿಸಿದರೆ ಹೋಗಲಿ, ಅವನನ್ನು ನೋಡಿಕೊಳ್ಳುವ ಭಾರ ಅವಳ ತಲೆಗೇ ಕಟ್ಟಬಾರದು. ಆದರೆ ಅವನನ್ನು ಎತ್ತಲು ಗಂಡಸರ ಕೈ ಬೇಕು. ನಮ್ಮ ಯುವಜನರ ಕೂಟದಲ್ಲಿ ಕೇಳಿದ್ದೇನೆ, ಒಬ್ಬ ಹುಡುಗ ಬರುತ್ತೇನೆ ಅಂದಿದ್ದಾನೆ. ಸೀರೆ ಹಿಡಿದು ಎತ್ತಲು ಎರಡು ಕಡೆ ಜನ ಬೇಕಲ್ಲ, ಇನ್ನೊಬ್ಬನಿಗಾಗಿ ಪಕ್ಕದ ಮನೆಯ ಆ ಮಗನನ್ನೇ ಕೇಳಿದೆ. ಮಗ್ಗ ನಿಂತ ಮೇಲೆ ಸಂಜೆ ಬರ್ತೀನ್ರಿ ಟೀಚರ್ ಅಂದಿದ್ದಾನೆ.