ಬೊಗ್ಮಾಲೊಗೆ ಹೋಗಿ ಬನ್ನಿ, ಆಮೇಲೆ ಸೀ ಹ್ಯಾರಿಯರ್ ಕಟ್ಟಿ

ಗೋವಾದ ವಾಸ್ಕೋದಲ್ಲಿ ಬೆಳೆದವರಿಗೆ ನೌಕಾಪಡೆಯ ಸೀ ಹ್ಯಾರಿಯರ್ ಯುದ್ಧವಿಮಾನ ಅಂದರೆ ಮೊದಲು ನೆನಪಾಗುವುದು ಅದರ ಸದ್ದು. ದಾಬೋಲಿಂನ ಐಎನ್‌ಎಸ್ ಹಂಸಾ ಎಂಬ ನೌಕಾಪಡೆಯ ವಿಮಾನ ನೆಲೆಯಿಂದ ಅದು ಏಳುವಾಗ ನಮ್ಮ ಮನೆಯ ಕಿಟಕಿ ಗಾಜು ನಡುಗುತ್ತಿತ್ತು. ರೊಟ್ಟಿ ತಟ್ಟುತ್ತಿದ್ದ ಅಜ್ಜಿ ಹಿಟ್ಟಿನ ಕೈಯಲ್ಲೇ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಾನು ತಾರಸಿಗೆ ಓಡುತ್ತಿದ್ದೆ. 1983ರಲ್ಲಿ ಗೋವಾಕ್ಕೆ ಬಂದ ಈ ವಿಮಾನಗಳು 2016ರಲ್ಲಿ ನಿವೃತ್ತಿಯಾದವು. ಈಗ ನಾನು ಅದನ್ನು ಪ್ಲಾಸ್ಟಿಕ್ ಕಿಟ್‌ನಲ್ಲಿ ಕಟ್ಟುತ್ತೇನೆ.

ಮೊದಲ ಸಲ ಕಟ್ಟುವವರು 1/72 ಅಳತೆಯ ಕಿಟ್ ತಗೊಳ್ಳಿ, ಅಂದರೆ ನಿಜದ ವಿಮಾನದ 72ರಲ್ಲಿ ಒಂದು ಪಾಲು. ನಿಜವಾದ ವಿಮಾನ ಸುಮಾರು ಹದಿನಾಲ್ಕೂವರೆ ಮೀಟರ್ ಉದ್ದ. ನಿಮ್ಮದು 20 ಸೆಂಟಿಮೀಟರ್ ಆಗುತ್ತದೆ. ಊಟದ ಮೇಜಿನ ಮೂಲೆ ಸಾಕು. ಚೂಪಾದ ಬ್ಲೇಡು, ಚಿಮಟ, ಸ್ಯಾಂಡ್‌ಪೇಪರ್, ಪ್ಲಾಸ್ಟಿಕ್ ಅಂಟು, ಪುಟ್ಟಿ, ಒಳ್ಳೆಯ ಎರಡು ಬ್ರಷ್ ಇರಲಿ. ಕಿಟ್ ಸುಧಾರಿಸೋಕೆ ದುಬಾರಿ ರೆಸಿನ್ ಬಿಡಿಭಾಗ ಬೇಕು ಅಂತ ಹಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಅದಕ್ಕಿಂತ ಮುಂಚೆ ಬೊಗ್ಮಾಲೊ ರಸ್ತೆಯ ನೌಕಾ ವಾಯುಯಾನ ಸಂಗ್ರಹಾಲಯಕ್ಕೆ ಹೋಗಿ. ಅಲ್ಲಿ ಸೀ ಹ್ಯಾರಿಯರ್ ಇದೆ, ಅದಕ್ಕೂ ಮುಂಚಿನ ಸೀ ಹಾಕ್ ಕೂಡ ಇದೆ. ಒಂದು ನೋಟ್‌ಬುಕ್ ಒಯ್ಯಿರಿ. ಸುತ್ತ ನಡೆದು, ಬಗ್ಗಿ, ಹೊಟ್ಟೆಯ ಕೆಳಗೂ ನೋಡಿ. ಆಕಾರವನ್ನು ಕಣ್ಣು ಮುಚ್ಚಿ ನಂಬಬಹುದು. ಬಣ್ಣಕ್ಕೆ ಮಾತ್ರ ಅದು ಹಾರುತ್ತಿದ್ದ ಕಾಲದ ಫೋಟೋಗಳನ್ನೇ ನೋಡಿ. ಬಿಸಿಲು, ಮಳೆಗೆ ನಿಂತ ವಿಮಾನದ ಬಣ್ಣ ಬೇರೆಯೇ ಆಗಿರುತ್ತದೆ.

ಮನೆಗೆ ಬಂದ ಮೇಲೆ ಭಾಗಗಳನ್ನು ಅವು ಅಂಟಿಕೊಂಡಿರುವ ಚೌಕಟ್ಟಿನ ಸಮೇತ ಸೋಪು ನೀರಲ್ಲಿ ತೊಳೆದು ಒಣಗಿಸಿ. ಅಚ್ಚಿನ ಎಣ್ಣೆ ಉಳಿದರೆ ಬಣ್ಣ ಹಿಡಿಯುವುದಿಲ್ಲ.

ಕೆಲಸ ಶುರುವಾಗುವುದು ಪೈಲಟ್ ಸೀಟಿನಿಂದ. ಕಿಟ್‌ನ ಸೀಟಿಗೆ ಬೆಲ್ಟ್ ಇರದಿದ್ದರೆ ಮಾಸ್ಕಿಂಗ್ ಟೇಪನ್ನು ಒಂದು ಮಿಲಿಮೀಟರಿಗಿಂತ ಸಪೂರಾಗಿ ಸೀಳಿ ಅಂಟಿಸಿ. ತೊಡೆಗಳ ನಡುವೆ ಬರುವ ಹಿಡಿಗೆ ಹಳದಿ ಕಪ್ಪು ಪಟ್ಟೆ ಹಾಕಿ. ಪೈಲಟ್ ಜಿಗಿಯಬೇಕಾದಾಗ ಎಳೆಯುವುದು ಇದನ್ನೇ. ಅಷ್ಟೇ ಮಾಡಿದರೂ ಕಾಕ್‌ಪಿಟ್‌ಗೆ ಜೀವ ಬರುತ್ತದೆ.

ಈಗ ಈ ವಿಮಾನದ ಹೃದಯಕ್ಕೆ ಬರೋಣ. ಪೆಗಸಸ್ ಎಂಜಿನ್‌ನ ಗಾಳಿ ನಾಲ್ಕು ನಾಜಲ್‌ಗಳಿಂದ, ಅಂದರೆ ತಿರುಗುವ ಕೊಳವೆ ಬಾಯಿಗಳಿಂದ ಹೊರಬರುತ್ತದೆ. ಮುಂದಿನ ಎರಡರಿಂದ ಫ್ಯಾನ್ ತಳ್ಳಿದ ಗಾಳಿ, ಹಿಂದಿನ ಎರಡರಿಂದ ಉರಿದ ಬಿಸಿ ಅನಿಲ. ಹಾಗಾಗಿ ನಾಲ್ಕಕ್ಕೂ ಒಂದೇ ಬಣ್ಣ ಬಳಿಯಬೇಡಿ. ಹಿಂದಿನವು ಬೆಂಕಿ ತಾಗಿ ಕಂದಿದ ಲೋಹದಂತೆ ಕಾಣಲಿ, ಅವುಗಳ ಹಿಂದಿನ ಮೈಯೂ ಸ್ವಲ್ಪ ಮಾಸಿರಲಿ. ಇನ್ನೊಂದು ಮಾತು: ನಿಜವಾದ ವಿಮಾನದಲ್ಲಿ ಪೈಲಟ್ ಒಂದು ಲಿವರ್ ಎಳೆದರೆ ನಾಲ್ಕೂ ನಾಜಲ್ ಒಟ್ಟಿಗೆ ತಿರುಗುತ್ತವೆ. ಒಂದು ಕೆಳಗೆ, ಒಂದು ಹಿಂದೆ ಇರುವ ಮಾದರಿಗಳನ್ನು ನೋಡಿದಾಗ ನನಗೆ ಬೇಜಾರಾಗುತ್ತದೆ. ಅಂಟು ಒಣಗುವ ಮುನ್ನ ಪಕ್ಕದಿಂದ ನೋಡಿ, ನಾಲ್ಕರ ಕೋನವೂ ಒಂದೇ ಮಾಡಿ.

ಗಾಳಿ ಒಳಗೆಳೆಯುವ ಎರಡು ದೊಡ್ಡ ಬಾಯಿಗಳ ಸುತ್ತ ಸಣ್ಣ ಬಾಗಿಲುಗಳ ಸಾಲಿದೆ, ಗಮನಿಸಿದಿರಾ? ಅವು ಒಳಕ್ಕೆ ತೆರೆಯುತ್ತವೆ. ಎಂಜಿನ್ ನಿಂತಾಗ ಮೇಲಿನವು ತಮ್ಮ ಭಾರಕ್ಕೆ ಒಳಗೆ ಜೋತುಬೀಳುತ್ತವೆ, ಕೆಳಗಿನವು ಅದೇ ಭಾರಕ್ಕೆ ಮುಚ್ಚಿಕೊಳ್ಳುತ್ತವೆ. ಕಿಟ್‌ನಲ್ಲಿ ಎಲ್ಲವೂ ಮುಚ್ಚಿದ್ದರೆ ಮೇಲಿನವನ್ನು ಬ್ಲೇಡಿನಿಂದ ಬಿಡಿಸಿ, ತೆಳು ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸ ಬಾಗಿಲು ಕತ್ತರಿಸಿ, ವಾಲಿಸಿ ಕೂರಿಸಿ. ಒಂದು ಸಂಜೆಯ ಕೆಲಸ. ಕಾಸು ಖರ್ಚಿಲ್ಲ.

ಇನ್ನು ದಪ್ಪದ ಲೆಕ್ಕ. ಕಿಟ್‌ನ ರೆಕ್ಕೆಯ ಹಿಂದಂಚು ಒಂದು ಮಿಲಿಮೀಟರ್ ಇದ್ದರೆ, 72ರಿಂದ ಗುಣಿಸಿ: ಏಳು ಸೆಂಟಿಮೀಟರಿಗೂ ಜಾಸ್ತಿ! ಯಾವ ಜೆಟ್‌ನ ರೆಕ್ಕೆಗೂ ಅಷ್ಟು ದಪ್ಪ ಹಿಂದಂಚು ಇರುವುದಿಲ್ಲ, ಅಲ್ವಾ? ಅಂಟಿಸುವ ಮುನ್ನವೇ ರೆಕ್ಕೆಯ ಮೇಲಿನ, ಕೆಳಗಿನ ಎರಡೂ ಅರ್ಧಗಳ ಒಳಮೈಯನ್ನು ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ ತೆಳುಮಾಡಿ. ಹೊರಮೈ ಮುಟ್ಟಬೇಡಿ, ತಗಡುಗಳು ಸೇರುವ ಪ್ಯಾನಲ್ ಗೆರೆಗಳು ಹೋಗುತ್ತವೆ. ಕ್ಷಿಪಣಿಗಳ ರೆಕ್ಕೆಗಳಿಗೂ ಇದೇ ಲೆಕ್ಕ. ಅಂದಹಾಗೆ, ಬ್ರಿಟಿಷ್ ಸೀ ಹ್ಯಾರಿಯರ್ ಸೈಡ್‌ವೈಂಡರ್ ಕ್ಷಿಪಣಿ ಹೊತ್ತಿತ್ತು. ನಮ್ಮದು ಫ್ರಾನ್ಸಿನ ಮಾತ್ರಾ ಕಂಪನಿಯ ಮ್ಯಾಜಿಕ್ ಕ್ಷಿಪಣಿ. ಭಾರತದ ವಿಮಾನ ಕಟ್ಟುತ್ತಿದ್ದರೆ ಅದನ್ನೇ ಹುಡುಕಿ ಹಾಕಿ.

ಕಾಕ್‌ಪಿಟ್‌ನ ಗಾಜನ್ನು ಸೂಪರ್ ಗ್ಲೂನಿಂದ ಅಂಟಿಸಬೇಡಿ. ನಾನು ಹಾಗೆ ಮಾಡಿ, ಬೆಳಗ್ಗೆ ಎದ್ದು ನೋಡಿದರೆ ಗಾಜಿನ ಒಳಗೆ ಬಿಳಿ ಮಂಜು ಕೂತಿತ್ತು. ಮೂರು ಸಂಜೆ ಕೂತು ಕಟ್ಟಿದ ಸೀಟು ಕಾಣಿಸಲೇ ಇಲ್ಲ. ಮಕ್ಕಳ ಬಿಳಿ ಅಂಟು ಬಳಸಿ. ಒಣಗಿದರೆ ಪಾರದರ್ಶಕ.

ಬಣ್ಣಕ್ಕೆ ನಮ್ಮ ಗೋವಾದ ಮಳೆಗಾಲ ಒಳ್ಳೆಯದಲ್ಲ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಲ್ಯಾಕರ್ ಬಣ್ಣ ಹಾಲಿನಂತೆ ಬೆಳ್ಳಗಾಗುತ್ತದೆ. ಮಳೆ ಬಿಟ್ಟ ಮೇಲೆ, ಕಿಟಕಿ ತೆರೆದು, ಮಾಸ್ಕ್ ಹಾಕಿಕೊಂಡು ಮಾಡಿ. ಆರಂಭದ ವರ್ಷಗಳ ವಿಮಾನಕ್ಕೆ ಮೇಲೆ ಕಡು ಬೂದು, ಕೆಳಗೆ ಬಿಳಿ. ಬಿಳಿ ಮೊದಲು ಬಳಿಯಿರಿ, ಟೇಪ್ ಹಾಕಿ ಬೂದು ಆಮೇಲೆ. ತೆಳುವಾಗಿ ಮೂರು ಕೋಟ್ ಸಾಕು. ಡಿಕಾಲ್, ಅಂದರೆ ಚಿಹ್ನೆಗಳ ತೆಳು ಸ್ಟಿಕ್ಕರ್ ಹಚ್ಚುವ ಮುನ್ನ ಹೊಳಪಿನ ವಾರ್ನಿಶ್ ಕಡ್ಡಾಯ. ಒರಟು ಬಣ್ಣದ ಮೇಲೆ ನೇರ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಸೀ ಹ್ಯಾರಿಯರ್ ಹಾರಿಸುತ್ತಿದ್ದ ನೌಕಾಪಡೆಯ 300ನೇ ಸ್ಕ್ವಾಡ್ರನ್‌ನ ಲಾಂಛನವಾದ ಬಿಳಿ ಹುಲಿಯನ್ನು ಬಾಲದ ಮೇಲೆ ಕೂರಿಸುವಾಗ ಉಸಿರು ಬಿಗಿಹಿಡಿದೇ ಮಾಡುತ್ತೇನೆ. ಡಿಕಾಲ್ ಒಣಗಿದ ಮೇಲೆ ಮಂಕು ವಾರ್ನಿಶ್ ಒಂದು ಕೋಟ್.

ಚಕ್ರಗಳಿಗೆ ತಾಳ್ಮೆ ಬೇಕು. ಹೊಟ್ಟೆಯ ಕೆಳಗೆ ಹಿಂದೆ ಮುಂದೆ ಎರಡು ಕಾಲು, ರೆಕ್ಕೆಯ ತುದಿಗೆ ಒಂದೊಂದು ಸಣ್ಣ ಕಾಲು. ನಾಲ್ಕೂ ಒಟ್ಟಿಗೆ ನೆಲ ಮುಟ್ಟಬೇಕು. ಹೊಟ್ಟೆಯ ಕಾಲು ಗಟ್ಟಿಯಾಗಿ ಒಣಗಿದ ಮೇಲೆ ವಿಮಾನವನ್ನು ಗಾಜಿನ ಹಲಗೆಯ ಮೇಲಿಟ್ಟು ರೆಕ್ಕೆಯ ಕಾಲು ಅಂಟಿಸಿ.

ಕೊನೆಗೆ ಮೂಗಿನ ತುದಿಯ ಪಿಟೋ ಕೊಳವೆ, ಅಂದರೆ ವಿಮಾನದ ವೇಗ ಅಳೆಯುವ ಸಣ್ಣ ಕೊಳವೆ. ಕಿಟ್‌ನದು ದಪ್ಪ, ಮುರಿಯುವುದೂ ಬೇಗ. ಮೆಡಿಕಲ್ ಸ್ಟೋರ್‌ನಿಂದ 26 ಗೇಜ್ ಸೂಜಿ ತನ್ನಿ, ಚೂಪು ತುದಿ ಕತ್ತರಿಸಿ, ಮೂಗಿಗೆ ಸಣ್ಣ ತೂತು ಕೊರೆದು ಕೂರಿಸಿ. ಎಲ್ಲಾ ಮುಗಿದ ಮೇಲೇ ಕೂರಿಸಿ. ಇಲ್ಲದಿದ್ದರೆ ಬಣ್ಣ ಹಚ್ಚುವಾಗ ಕೈ ತಾಗಿ ಬಾಗುತ್ತದೆ.