ವಕೀಲರಿಲ್ಲದೆ ವಾದಿಸುವವರು ನ್ಯಾಯಾಲಯದ ಅಧಿಕಾರವ್ಯಾಪ್ತಿಯನ್ನು ಪ್ರಶ್ನಿಸುವ ಕ್ರಮ

ಮೈಸೂರಿನ ಸಿವಿಲ್ ನ್ಯಾಯಾಲಯದ ಸಮನ್ಸ್ ಮಂಡ್ಯದ ನಿವಾಸಿಯೊಬ್ಬರ ಕೈಸೇರಿದಾಗ, ಅದು ತಮ್ಮ ಜಿಲ್ಲೆಯ ಕೋರ್ಟಲ್ಲವೆಂದು ಕಾಗದವನ್ನು ಎತ್ತಿಟ್ಟು ಸುಮ್ಮನಾಗುವುದಕ್ಕಿಂತ ದೊಡ್ಡ ಅಪಾಯವಿಲ್ಲ. ಪ್ರತಿವಾದಿ ಹಾಜರಾಗದಿದ್ದರೆ ದಾವೆ ಏಕಪಕ್ಷೀಯವಾಗಿ ನಡೆದು ಡಿಕ್ರಿಯೂ (ಅವರ ವಿರುದ್ಧ ತೀರ್ಮಾನದ ಆದೇಶ) ಆಗಬಹುದು. ಆ ದಾವೆಯನ್ನು ವಿಚಾರಿಸುವ ಅಧಿಕಾರ, ಅಂದರೆ ಅಧಿಕಾರವ್ಯಾಪ್ತಿ, ತನಗೆ ಇದೆಯೇ ಇಲ್ಲವೇ ಎಂಬುದನ್ನು ಮೊದಲಿಗೆ ತೀರ್ಮಾನಿಸುವುದು ಅದೇ ನ್ಯಾಯಾಲಯವಾದ್ದರಿಂದ, ಆಕ್ಷೇಪಣೆಯನ್ನೂ ಅಲ್ಲಿಗೇ ಹೋಗಿ, ಬರಹದಲ್ಲಿಯೇ ಸಲ್ಲಿಸಬೇಕು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 1ನೇ ನಿಯಮದಂತೆ ಪಕ್ಷಕಾರರು ಖುದ್ದಾಗಿ ಹಾಜರಾಗಬಹುದು. ಅಂಥವರಿಗೆ ವಕಾಲತ್ತಿನ (ವಕೀಲರಿಗೆ ಅಧಿಕಾರ ಕೊಡುವ ಪತ್ರದ) ಅಗತ್ಯವಿಲ್ಲ. ಪೂರ್ಣ ವಿಳಾಸ ಮತ್ತು ದೂರವಾಣಿ ಸಂಖ್ಯೆಯಿರುವ ಮೆಮೊ ಸಲ್ಲಿಸಿದರೆ ಸಾಕು. ಅರ್ಜಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಆದರೆ ಮಗನೋ ಅಳಿಯನೋ ನಿಮ್ಮ ಪರವಾಗಿ ವಾದಿಸಬೇಕೆಂದರೆ, ಅವರು ವಕೀಲರಲ್ಲದ ಪಕ್ಷದಲ್ಲಿ, 1961ರ ವಕೀಲರ ಕಾಯ್ದೆಯ 32ನೇ ಕಲಮಿನಡಿ ನ್ಯಾಯಾಲಯದ ಅನುಮತಿ ಬೇಕು.

ಇನ್ನು ಆಕ್ಷೇಪಣೆಗೆ ಆಧಾರವೇನು ಎಂಬುದು ಸ್ಪಷ್ಟವಾಗಿರಬೇಕು. ಶ್ರೀರಂಗಪಟ್ಟಣ ತಾಲ್ಲೂಕಿನ ಜಮೀನಿನ ಸ್ವಾಧೀನ ಕೋರಿ ಮೈಸೂರಿನಲ್ಲಿ ದಾವೆ ಹೂಡಿದ್ದರೆ, ಸ್ಥಿರಾಸ್ತಿಯ ದಾವೆ ಆಸ್ತಿ ಇರುವ ಸ್ಥಳದಲ್ಲಿಯೇ ನಡೆಯಬೇಕೆನ್ನುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಕಲಮು ನಿಮ್ಮ ಬೆಂಬಲಕ್ಕಿದೆ. ಕ್ರಯದ ಕರಾರಿಗೆ ಮೈಸೂರಿನಲ್ಲಿ ಸಹಿಯಾಗಿದೆ, ವ್ಯಾಜ್ಯ ಅಲ್ಲಿಯೇ ಆಗಬೇಕೆಂದು ಕರಾರಿನಲ್ಲಿಯೂ ಬರೆದಿದೆ ಎಂಬ ಉತ್ತರ ಬರಬಹುದು. ಆದರೆ ಇಲ್ಲದ ಅಧಿಕಾರವನ್ನು ಪಕ್ಷಕಾರರ ಒಪ್ಪಿಗೆ ಸೃಷ್ಟಿಸಲಾರದು ಎಂದು ಸರ್ವೋಚ್ಚ ನ್ಯಾಯಾಲಯ 2005ರಲ್ಲಿ, ಗುರುಗ್ರಾಮದ ಆಸ್ತಿಯ ಬಗ್ಗೆ ದೆಹಲಿಯಲ್ಲಿ ಹೂಡಿದ್ದ ದಾವೆಯಲ್ಲಿ ಹೇಳಿದೆ. ಸಾಲದ ಬಾಕಿಯ ಸಂಗತಿ ಬೇರೆ. ಅದೇ ಸಂಹಿತೆಯ 20ನೇ ಕಲಮಿನಂತೆ ಪ್ರತಿವಾದಿ ವಾಸಿಸುವಲ್ಲಿ ಅಥವಾ ವ್ಯಾಜ್ಯಕಾರಣ ಭಾಗಶಃವಾದರೂ ಉಂಟಾದಲ್ಲಿ ದಾವೆ ಹೂಡಬಹುದು. ಮೈಸೂರಿನಲ್ಲಿ ಹಣ ಪಡೆದವರು ತಮ್ಮ ಮನೆ ಮಂಡ್ಯದಲ್ಲಿದೆ ಎಂದಷ್ಟೇ ಹೇಳಿದರೆ ಪ್ರಯೋಜನವಾಗದು. ಯಾವ ಹಂತದ ನ್ಯಾಯಾಲಯ ಎಂಬುದು ದಾವೆಯ ಮೌಲ್ಯವನ್ನೂ ಅವಲಂಬಿಸುವುದರಿಂದ, ಅದನ್ನು ತಪ್ಪಾಗಿ ಕಾಣಿಸಿದ್ದರೆ 1958ರ ಕರ್ನಾಟಕ ನ್ಯಾಯಾಲಯ ಶುಲ್ಕ ಕಾಯ್ದೆಯನ್ನು ನೋಡಬೇಕು. ವಿಷಯದ ಮೇಲಿನ ನಿರ್ಬಂಧ ಇನ್ನೂ ಗಂಭೀರವಾದದ್ದು: ಒಬ್ಬ ವ್ಯಕ್ತಿ 1974ರ ಮಾರ್ಚ್ 1ಕ್ಕೂ ಮೊದಲಿನಿಂದ ಕೃಷಿ ಜಮೀನಿನ ಗೇಣಿದಾರನೇ ಎಂಬ ಪ್ರಶ್ನೆಯನ್ನು ಸಿವಿಲ್ ನ್ಯಾಯಾಲಯ ತೀರ್ಮಾನಿಸುವಂತಿಲ್ಲ, ಅದು ಭೂ ನ್ಯಾಯಮಂಡಳಿಗೆ ಸೇರಿದ್ದು.

ಸ್ಥಳ ಮತ್ತು ಮೌಲ್ಯದ ಆಕ್ಷೇಪಣೆಗಳನ್ನು ಆದಷ್ಟು ಬೇಗ, ವಿವಾದಾಂಶಗಳನ್ನು (ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆಗಳನ್ನು) ರಚಿಸುವುದರೊಳಗೆ ಎತ್ತದಿದ್ದರೆ, ಮೇಲ್ಮನವಿಯಲ್ಲಿ ಅವನ್ನು ಕೇಳುವುದಿಲ್ಲವೆಂದು ಸಂಹಿತೆಯ 21ನೇ ಕಲಮು ಹೇಳುತ್ತದೆ. ಆದ್ದರಿಂದ 7ನೇ ಆದೇಶದ 10ನೇ ನಿಯಮದಡಿ ವಾದಪತ್ರವನ್ನು (ವಾದಿ ದಾವೆ ಹೂಡಲು ಸಲ್ಲಿಸಿದ ಬರಹವನ್ನು) ಹಿಂದಿರುಗಿಸುವಂತೆ ಕೋರುವ ಮಧ್ಯಂತರ ಅರ್ಜಿಯನ್ನು ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಸಲ್ಲಿಸಿ, ಪ್ರತಿಯನ್ನು ವಾದಿಯ ವಕೀಲರಿಗೆ ಕೊಟ್ಟು ಸಹಿ ಪಡೆಯಿರಿ. ಅರ್ಜಿ ಹಾಕಿದ ಮಾತ್ರಕ್ಕೆ ಲಿಖಿತ ಹೇಳಿಕೆಯ (ದಾವೆಗೆ ಪ್ರತಿವಾದಿ ಕೊಡುವ ಉತ್ತರದ) ಗಡುವು ನಿಲ್ಲುತ್ತದೆ ಎಂದು ನಂಬಿ ಕೂರಬಾರದು. ಸಮನ್ಸ್ ಜಾರಿಯಾದ 30 ದಿನಗಳೊಳಗೆ, ನ್ಯಾಯಾಲಯ ಅವಕಾಶ ಕೊಟ್ಟರೆ 90 ದಿನಗಳೊಳಗೆ, ಅದನ್ನು ಸಲ್ಲಿಸಿ, ಆಕ್ಷೇಪಣೆಯನ್ನು ಅದರ ಮೊದಲ ಕಂಡಿಕೆಗಳಲ್ಲಿಯೇ ಬರೆದು, ದಾವೆಯ ಉಳಿದ ಅಂಶಗಳಿಗೆ ಆಕ್ಷೇಪಣೆಯ ಹಕ್ಕನ್ನು ಬಿಟ್ಟುಕೊಡದೆ ಉತ್ತರಿಸುತ್ತಿರುವುದಾಗಿ ನಮೂದಿಸಿರಿ. ವ್ಯಾಜ್ಯವನ್ನು ನ್ಯಾಯಾಲಯದ ಬದಲು ಮಧ್ಯಸ್ಥಗಾರರೇ ತೀರ್ಮಾನಿಸಬೇಕೆಂಬ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಷರತ್ತು ಕರಾರಿನಲ್ಲಿದ್ದರೆ ಕ್ರಮ ಬೇರೆ: 1996ರ ಆರ್ಬಿಟ್ರೇಷನ್ ಕಾಯ್ದೆಯ 8ನೇ ಕಲಮಿನ ಅರ್ಜಿಯನ್ನು ವಿವಾದದ ತಿರುಳಿನ ಬಗ್ಗೆ ಮೊದಲ ಹೇಳಿಕೆ ಸಲ್ಲಿಸುವ ದಿನಾಂಕದೊಳಗೇ ಹಾಕಬೇಕು.

ವಿಚಾರಣೆಯ ದಿನ ಪಹಣಿ, ಕರಾರಿನ ಪ್ರತಿ ಮತ್ತು ವಾದಪತ್ರದ ಸಂಬಂಧಿತ ಕಂಡಿಕೆಗಳನ್ನು ಗುರುತು ಮಾಡಿಕೊಂಡು ಹೋಗಿ, ಕೇಸು ಕರೆದಾಗ ಅಧಿಕಾರವ್ಯಾಪ್ತಿಯ ಬಗ್ಗೆ ಮಾತ್ರ ಮಾತನಾಡುವುದು ಮೇಲು. ಈ ಅರ್ಜಿಯನ್ನು ಮುಖ್ಯವಾಗಿ ವಾದಪತ್ರದ ಹೇಳಿಕೆಗಳ ಮೇಲೆಯೇ ತೀರ್ಮಾನಿಸಲಾಗುತ್ತದೆ. ಸಾಕ್ಷ್ಯವಿಲ್ಲದೆ ನಿರ್ಧರಿಸಲಾಗದ ಪ್ರಶ್ನೆಯಾದರೆ ಅದು ಉಳಿದ ವಿವಾದಾಂಶಗಳ ಜೊತೆಗೇ ವಿಚಾರಣೆಗೆ ಹೋಗುತ್ತದೆ.

ಗೆದ್ದರೂ ವ್ಯಾಜ್ಯ ಮುಗಿಯುವುದಿಲ್ಲ ಎಂಬುದನ್ನು ಅರ್ಜಿ ಹಾಕುವ ಮೊದಲೇ ಲೆಕ್ಕ ಹಾಕಬೇಕು. ವಾದಪತ್ರ ಹಿಂದಿರುಗಿದರೆ ವಾದಿ ಅದನ್ನು ಸರಿಯಾದ ನ್ಯಾಯಾಲಯದಲ್ಲಿ ಸಲ್ಲಿಸುತ್ತಾರೆ. ಅವರು ಸದುದ್ದೇಶದಿಂದ ವ್ಯವಹರಿಸಿದ್ದರೆ ಕಳೆದ ಕಾಲವನ್ನು ಕಾಲಮಿತಿ ಕಾಯ್ದೆಯ 14ನೇ ಕಲಮು ದಾವೆ ಹೂಡುವ ಗಡುವಿನ ಲೆಕ್ಕದಿಂದ ಬಿಡುತ್ತದೆ. ಪ್ರಯಾಣವಷ್ಟೇ ತೊಂದರೆಯಾಗಿದ್ದರೆ ಈ ಶ್ರಮ ಸಾರ್ಥಕವಾಗದಿರಬಹುದು. ಮಂಡ್ಯದಿಂದ ಮೈಸೂರಿಗೆ ರೈಲು, ಬಸ್ಸುಗಳಿಗೇನೂ ಕೊರತೆಯಿಲ್ಲ. ಅರ್ಜಿ ವಜಾ ಆದಲ್ಲಿ ಆದೇಶದ ದೃಢೀಕೃತ ನಕಲಿಗೆ ಕೂಡಲೇ ಅರ್ಜಿ ಹಾಕಿ, ಮುಂದಿನ ವಾಯಿದೆಗೆ ತಪ್ಪದೆ ಹಾಜರಾಗಬೇಕು.